ಕುಂಬಳೆಯವರಿಗೆ ಬಜಪೆಯೇ ಹತ್ತಿರ: ಮಂಗಳೂರು ವಿಮಾನ ನಿಲ್ದಾಣದ ಬಗ್ಗೆ ಹಳೇ ಬಳಕೆದಾರನ ಮಾತು

2018ರ ಡಿಸೆಂಬರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದಾಗ, ಇನ್ನು ಕಾಸರಗೋಡಿನವರು ಮಂಗಳೂರಿನ ಕಡೆ ತಲೆ ಹಾಕುವುದಿಲ್ಲ ಅಂತ ಹಲವರು ಹೇಳಿದ್ದರು. ನಮ್ಮ ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆ ಹಾಗೇನೂ ಆಗಲಿಲ್ಲ. ಕಣ್ಣೂರು ನಮ್ಮದೇ ಕೇರಳ ರಾಜ್ಯ, ಸರಿ. ಆದರೆ ನಾವು ಕಣ್ಣೂರು ನಿಲ್ದಾಣವಿರುವ ಮಟ್ಟನ್ನೂರು ಮುಟ್ಟುವಷ್ಟರಲ್ಲಿ ಮಂಗಳೂರು ನಿಲ್ದಾಣವಿರುವ ಬಜಪೆಗೆ ಹೋಗಿ ವಾಪಸ್ ಬರಬಹುದು!

ಮನೆಯವರು ಗಲ್ಫಿನಲ್ಲಿದ್ದಾರೆ. ಬಿಡುವುದು, ಕರೆತರುವುದು ವರ್ಷಗಳಿಂದ ನನ್ನ ಪಾಲಿಗೆ. 1951ರ ಕ್ರಿಸ್ಮಸ್ ದಿನ ನೆಹರೂ ಡಕೋಟಾದಲ್ಲಿ ಬಂದಿಳಿದ ನಿಲ್ದಾಣ ಇದು. ಹಳೇ ರನ್‌ವೇ 1,615 ಮೀಟರ್ ಮಾತ್ರ. 2006ರಲ್ಲಿ 2,450 ಮೀಟರಿನ ಹೊಸದು ಬಂತು, ಅದೇ ವರ್ಷ ದುಬೈ ವಿಮಾನವೂ ಹಾರಿತು. ಅದಕ್ಕೆ ಮೊದಲು ನಮ್ಮವರಿಗೆ ಗಲ್ಫ್ ದಾರಿ ಎಂದರೆ ಬೊಂಬಾಯಿ, ಇಲ್ಲವೇ ಕೋಝಿಕ್ಕೋಡಿನ ಕರಿಪ್ಪೂರು ನಿಲ್ದಾಣ.

ಟೇಬಲ್‌ಟಾಪ್ ರನ್‌ವೇ, ಅಂದರೆ ಗುಡ್ಡದ ನೆತ್ತಿಯ ಮೇಲಿನ ರನ್‌ವೇ ಅಂದ ಕೂಡಲೇ ಈಗಲೂ ಕೆಲವರು ಹೆದರುತ್ತಾರೆ. ಹೆದರಿಕೆಗೆ ಕಾರಣ ಇದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಮಂದಿ ತೀರಿಹೋದರು, ಉಳಿದದ್ದು 8 ಮಂದಿ. ಸತ್ತವರಲ್ಲಿ ಕಾಸರಗೋಡಿನವರು ಹಲವರು. ಆದರೆ ತನಿಖೆ ಮುಖ್ಯವಾಗಿ ಬೊಟ್ಟು ಮಾಡಿದ್ದು ರನ್‌ವೇಯನ್ನಲ್ಲ. ವಿಮಾನ ಸರಿಯಾದ ಎತ್ತರದಲ್ಲಿ ಇಲ್ಲದಿದ್ದರೂ, ಸಹ ಪೈಲಟ್ ಎಚ್ಚರಿಸಿದರೂ ಕ್ಯಾಪ್ಟನ್ ಇಳಿಸುವುದನ್ನು ನಿಲ್ಲಿಸಲಿಲ್ಲ ಎಂಬುದನ್ನು. ಈಗ ಮಳೆಗಾಲದಲ್ಲಿ ಗುಡ್ಡದ ಮೇಲೆ ಮೋಡ ಕವಿದರೆ ವಿಮಾನವನ್ನು ಬೇರೆ ಊರಿಗೆ ತಿರುಗಿಸುತ್ತಾರೆ. ಕಾಯುವವರಿಗೆ ಕಿರಿಕಿರಿ, ಆದರೆ ನನಗೆ ಅದೇ ಸಮಾಧಾನ. ಆಟಿ ತಿಂಗಳಲ್ಲಿ ಕರೆತರಲು ಹೊರಡುವ ಮೊದಲು ಫೋನಿನಲ್ಲಿ ವಿಮಾನ ಎಲ್ಲಿದೆ ಅಂತ ನೋಡಿಕೊಳ್ಳಿ.

ಕೆಂಜಾರಿನ ಟರ್ಮಿನಲ್ ಚಿಕ್ಕದು. ಅದೇ ಒಳ್ಳೆಯದು. ವಯಸ್ಸಾದವರು ಜಾಸ್ತಿ ನಡೆಯಬೇಕಿಲ್ಲ. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಹೇಳಿಬಿಡಿ. ಕನ್ನಡ, ತುಳು, ಬ್ಯಾರಿ, ಮಲಯಾಳ, ಯಾವುದರಲ್ಲಿ ಕೇಳಿದರೂ ಉತ್ತರ ಕೊಡುವವರೊಬ್ಬರು ಸಿಕ್ಕೇ ಸಿಗುತ್ತಾರೆ. ನಮ್ಮ ಅಮ್ಮನಂಥವರಿಗೆ ಇದು ದೊಡ್ಡ ಧೈರ್ಯ. ಊಟ ಮಾತ್ರ ಮನೆಯಲ್ಲೇ ಮುಗಿಸಿ ಹೊರಡಿ.

ನಿಜವಾದ ತಲೆನೋವು ಇರುವುದು ರಸ್ತೆಯಲ್ಲಿ. 2021ರ ಜೂನಿನಲ್ಲಿ ನಿಲ್ದಾಣದ ದಾರಿಯ ಮರವೂರು ಸೇತುವೆ ಕುಸಿದಾಗ ಎಲ್ಲರೂ ಸುತ್ತು ಹಾಕಿಯೇ ಹೋಗಬೇಕಾಯಿತು. ಸೇತುವೆ ಸರಿಯಾಯಿತು, ನಂತೂರು ಸರ್ಕಲ್‌ನ ಸಂಜೆಯ ಸಾಲು ಮಾತ್ರ ಹಾಗೇ ಇದೆ. ಹಗಲಾದರೆ ಕಾಸರಗೋಡು–ಮಂಗಳೂರು ಬಸ್ಸಿನಲ್ಲಿ ಬಂದು, ಅಲ್ಲಿಂದ ಬಜಪೆಗೆ ಬೇರೆ ಬಸ್ಸು ಹಿಡಿಯಬಹುದು. ಪೆಟ್ಟಿಗೆ, ಮಕ್ಕಳು ಇದ್ದರೆ ಅದು ಆಗುವ ಮಾತಲ್ಲ. ರಾತ್ರಿ ಇಳಿದರೆ ಟ್ಯಾಕ್ಸಿಯೇ ಗತಿ. ಒಮ್ಮೆ ಒಬ್ಬ ಡ್ರೈವರ್ ಒಂದು ಬಾಡಿಗೆ ಹೇಳಿ, ಗಡಿಯ ತಲಪಾಡಿ ಹತ್ತಿರ ಬಂದಾಗ ಕೇರಳದ ಪರ್ಮಿಟ್ ಖರ್ಚು ಬೇರೆ ಎಂದ. ನಡುರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಜಗಳ ಮಾಡಲು ಆಗುತ್ತದಾ? ಅಂದಿನಿಂದ ಗಾಡಿ ಹತ್ತುವ ಮೊದಲೇ ಪರ್ಮಿಟ್ ಸೇರಿಸಿ ಎಷ್ಟು ಅಂತ ಕೇಳುತ್ತೇನೆ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಕಾಞಂಗಾಡಿನಿಂದ ತೆಂಕಿನವರಾದರೆ ಕಣ್ಣೂರಿನ ಟಿಕೆಟ್ ದರವನ್ನೂ ಒಮ್ಮೆ ನೋಡಿ.