ಸಿಬ್ಯಾಕ್ ನಮೂನೆ: ಒಲೆಯ ಹೊಗೆಗೆ ಅಂಕವಿಲ್ಲ

ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ, ಕ್ಯಾನ್ಸರ್ ತಪಾಸಣೆ ಮಾಡುವ ಮುನ್ನ ಆಶಾ ಕಾರ್ಯಕರ್ತೆ ಮನೆಗೆ ಬಂದು ತುಂಬುವ, ಅಪಾಯಕ್ಕೆ ತಕ್ಕಂತೆ ಅಂಕ ಕೊಡುವ ಹಾಳೆಯೇ ಸಿಬ್ಯಾಕ್ (CBAC). ಒಟ್ಟು ಅಂಕ 4 ದಾಟಿದರೆ ಆದ್ಯತೆಯ ತಪಾಸಣೆ. ಸೊಂಟದ ಅಳತೆಗೆ ಹೆಣ್ಣಿಗೆ 80 ಸೆಂ.ಮೀ., ಗಂಡಿಗೆ 90 ಎಂದು ಬೇರೆ ಬೇರೆ ಗೆರೆ ಎಳೆದಿರುವುದು ಮೆಚ್ಚತಕ್ಕದ್ದು. ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೂ ರಕ್ತಸ್ರಾವ ಇವೆಯೇ ಎಂದೂ ಕೇಳುತ್ತದೆ.

ಎಡವಟ್ಟು ಅಂಕದಲ್ಲಿದೆ. ಸೌದೆ ಒಲೆ ಮುಂದೆ ಕೂರುವ 38ರ ಹೆಂಗಸನ್ನು ತಗೊಳ್ಳಿ: ವಯಸ್ಸಿಗೆ 1, ಸೊಂಟ 84 ಸೆಂ.ಮೀ. ಇದ್ದರೆ 1, ತಂಬಾಕು ಸೊನ್ನೆ, ಮನೆಗೆಲಸ, ಹೊಲದ ಓಡಾಟ ಇರುವುದರಿಂದ ವ್ಯಾಯಾಮಕ್ಕೂ ಸೊನ್ನೆ. ಒಟ್ಟು 2. ದಿನಾ ಬೀಡಿ ಸೇದುವವನಿಗೆ ಅದೊಂದಕ್ಕೇ 2! ಉರುವಲು ಯಾವುದು ಎಂಬ ಪ್ರಶ್ನೆ ಇದೆ, ಆದರೆ ಅದಕ್ಕೆ ಅಂಕವಿಲ್ಲ. ಬಸಿರಲ್ಲಿ ಸಕ್ಕರೆ ಕಾಣಿಸಿಕೊಂಡಿದ್ದಕ್ಕೂ ಇಲ್ಲ, ಮುಂದೆ ಮಧುಮೇಹ ಬರುವ ಅಪಾಯ ಅಂಥವರಿಗೇ ಹೆಚ್ಚಿದ್ದರೂ.

ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಮಾಡುವ ವಿಐಎ ಪರೀಕ್ಷೆ ಸುಲಭ: ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದು, ಬಿಳಿ ಮಚ್ಚೆ ಇದೆಯೇ ನೋಡುವುದು. ಕೊರತೆ ಸಾಮಾನ್ಯವಾಗಿ ಬೇರೆಡೆ: ಪರದೆ, ಬೆಳಕು, ತರಬೇತಾದ ಸಿಬ್ಬಂದಿ. ಗಂಡಸರ ಪಾಡೂ ಅಷ್ಟೇ. ಕೂಲಿಯ ಹೊತ್ತಿನಲ್ಲೇ ಆರೋಗ್ಯ ಕೇಂದ್ರ ತೆರೆದಿದ್ದರೆ ಅವರು ಬರುವುದಾದರೂ ಯಾವಾಗ? ವಾರಕ್ಕೊಂದು ಸಂಜೆ ಮೀಸಲಿಡಲಿ. ಅಲ್ಲಿಯವರೆಗೆ ಆಶಾ ಅಕ್ಕಂದಿರು ಹಾಳೆಯ ಅಂಚಿನಲ್ಲಿ ‘ಸೌದೆ’, ‘ಬಸಿರು-ಸಕ್ಕರೆ’ ಎಂದು ಗೀಚಿ, ಅಂಕ ನೋಡದೆ ತಪಾಸಣೆಗೆ ಕಳಿಸುವುದೇ ಲೇಸು.