ಗ್ಯಾಲಕ್ಸಿ ನೆಕ್ಸಸ್‌ಗೆ ಎರಡು ಅಪ್‌ಡೇಟ್: ಲೀಕ್ ಆದದ್ದು, ಕಂಪನಿ ಕೊಟ್ಟದ್ದು

ನನ್ನ ಗ್ಯಾಲಕ್ಸಿ ನೆಕ್ಸಸ್ ಫೋನಿನಲ್ಲಿ ಒಂಬತ್ತು ತಿಂಗಳು ಕನ್ನಡ ಅಂದರೆ ಬರೀ ಡಬ್ಬಿಗಳು. ಅಪ್ಪ ತಿಪಟೂರಿನಿಂದ ಪ್ರತಿ ಭಾನುವಾರ ಬರಹ ಅನ್ನೋ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಒಂದು ಈಮೇಲ್ ಕಳಿಸುತ್ತಿದ್ದರು. ಲ್ಯಾಪ್‌ಟಾಪಿನಲ್ಲಿ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಅದನ್ನೇ ಸೋಮವಾರ ಬೆಳಿಗ್ಗೆ ನ್ಯೂಜೆರ್ಸಿಯ ಮೆಟ್ರೊಪಾರ್ಕ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ಫೋನಿನಲ್ಲಿ ತೆಗೆದರೆ ಚೌಕ, ಚೌಕ, ಮತ್ತೆ ಚೌಕ. ಅಲ್ಲಲ್ಲಿ ಒಂದು ಕಾಮಾ. "2 ಕ್ವಿಂಟಲ್ ಕೊಬ್ಬರಿ" ಅಂತ ಬರೆದಿದ್ದರೆ ಆ 2 ಮಾತ್ರ ಓದಲು ಬರುತ್ತಿತ್ತು.

ಕಳೆದ ವಾರ ಅಕ್ಕನ ಮಗ ಬೆಂಗಳೂರಿನಿಂದ ಫೋನ್ ಮಾಡಿದ್ದ. "ಮಾಮ, ಹೊಸ ಸಾಫ್ಟ್‌ವೇರ್ ಲೀಕ್ ಆಗಿದೆ, ಫೈಲ್ ಸಿಕ್ಕಿದೆ. ಹಾಕಿಬಿಡ್ಲಾ?" ಅಂತ ಕೇಳಿದ. ಅವನಿಗೆ ಫೋನಿನಲ್ಲಿ ಹೇಳಿ ಮುಗಿಸೋಕೆ ಆಗಲಿಲ್ಲ. ಹಾಗಾಗಿ 2012ರಲ್ಲಿ ನಾನು ಒಂದೇ ಫೋನಿಗೆ ಹಾಕಿ ನೋಡಿದ ಎರಡೂ ಬಗೆಯ ಅಪ್‌ಡೇಟ್‌ಗಳ ರಿವ್ಯೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಫೋನಿನ ವಿಷಯ. ಅಮೆರಿಕದ ಮೊಬೈಲ್ ಕಂಪನಿ ವೆರೈಝನ್ ಇದನ್ನು 2011ರ ಡಿಸೆಂಬರ್ 15ಕ್ಕೆ ಬಿಡುಗಡೆ ಮಾಡಿತು. ಎರಡು ವರ್ಷದ ಕರಾರಿನ ಮೇಲೆ 299.99 ಡಾಲರ್. 4.65 ಇಂಚಿನ ಸ್ಕ್ರೀನ್, 32 ಜಿಬಿ, ಮೆಮರಿ ಕಾರ್ಡ್ ಹಾಕಲು ಜಾಗ ಇಲ್ಲ. ಕೈಯಲ್ಲಿ ಹಿಡಿದರೆ ಸ್ವಲ್ಪ ಬಾಗಿದ ಗಾಜು ಕೆನ್ನೆಗೆ ಹಿತವಾಗಿ ಕೂರುತ್ತಿತ್ತು. ನೆಕ್ಸಸ್ ಅಂದರೆ ಆಂಡ್ರಾಯ್ಡ್‌ನ ಹೊಸ ಆವೃತ್ತಿ ಎಲ್ಲರಿಗಿಂತ ಮೊದಲು ಬರುತ್ತೆ ಅನ್ನೋದೇ ಆಗ ಅದರ ಆಕರ್ಷಣೆ ಆಗಿತ್ತು. ನಾನೂ ಅದಕ್ಕೇ ತಗೊಂಡೆ.

ಆದರೆ ಹೆಸರು ಒಂದೇ ಇದ್ದರೂ ಫೋನು ಒಂದೇ ಅಲ್ಲ. ಜಗತ್ತಿನ ಹೆಚ್ಚಿನ ಕಡೆ ಇದ್ದ ಜಿಎಸ್‌ಎಂ ನೆಟ್‌ವರ್ಕಿನದು ಬೇರೆ, ವೆರೈಝನ್‌ದು ಬೇರೆ. ಒಳಗಿನ ಗುಪ್ತನಾಮ ಕೂಡ ಬೇರೆ: ಅದು ಮಗುರೊ, ಇದು ಟೋರೊ. ವೆರೈಝನ್ ಫೋನಿನಲ್ಲಿ 4ಜಿಗೆ ಒಂದು, ಹಳೆಯ ಸಿಡಿಎಂಎ ನೆಟ್‌ವರ್ಕಿಗೆ ಇನ್ನೊಂದು, ಹೀಗೆ ಸಿಗ್ನಲ್ ಹಿಡಿಯೋ ರೇಡಿಯೊ ಸಾಫ್ಟ್‌ವೇರ್ ಎರಡು ಇದ್ದವು. ಹೊಸ ಆಂಡ್ರಾಯ್ಡ್ ತಯಾರಾದ ಮೇಲೆ ಕ್ಯಾರಿಯರ್, ಅಂದರೆ ಮೊಬೈಲ್ ಕಂಪನಿ, ತನ್ನ ನೆಟ್‌ವರ್ಕಿನಲ್ಲಿ ಅದನ್ನು ಪರೀಕ್ಷೆ ಮಾಡಿ ಒಪ್ಪಬೇಕು. ತಡ ಆಗೋದು ಅಲ್ಲಿ. ಆಂಡ್ರಾಯ್ಡ್ 4.0.4 ಆವೃತ್ತಿಯನ್ನು ಗೂಗಲ್ ಜಿಎಸ್‌ಎಂ ಫೋನುಗಳಿಗೆ 2012ರ ಮಾರ್ಚ್ ಕೊನೆಗೆ ಪ್ರಕಟಿಸಿತು. ವೆರೈಝನ್ ಫೋನುಗಳಿಗೆ ಅದು ಬಂದದ್ದು ಹೆಚ್ಚುಕಮ್ಮಿ ಜೂನ್ ಹೊತ್ತಿಗೆ. ಲೀಕ್ ಫೈಲುಗಳು ಓಡಾಡುವುದು ಇಂಥ ಸಂದಿನಲ್ಲೇ. ಪರೀಕ್ಷೆಗೆ ಅಂತ ಮಾಡಿದ ಬಿಲ್ಡ್ (ಸಾಫ್ಟ್‌ವೇರಿನ ಒಂದು ಪ್ರತಿ) ಯಾರದ್ದೋ ಕೈಯಿಂದ ಹೊರಗೆ ಬಂದಿರುತ್ತೆ.

ನನಗೆ ಸಿಕ್ಕಿದ ಲೀಕ್ ಬಿಲ್ಡಿನ ಹೆಸರು ಐಎಂಎಂ30ಬಿ. ಆಗ ಜಿಎಸ್‌ಎಂನವರಿಗೂ ಇನ್ನೂ 4.0.4 ಬಂದಿರಲಿಲ್ಲ. ಶನಿವಾರ ಮಧ್ಯಾಹ್ನ ಊಟ ಆದ ಮೇಲೆ ಕೂತೆ. ಮೊದಲು ಬೂಟ್‌ಲೋಡರ್, ಅಂದರೆ ಫೋನ್ ಶುರು ಮಾಡೋ ಸಾಫ್ಟ್‌ವೇರಿನ ಬೀಗ ತೆಗೆಯಬೇಕು. ವಾಲ್ಯೂಮ್‌ನ ಎರಡೂ ತುದಿ, ಜೊತೆಗೆ ಪವರ್ ಬಟನ್, ಮೂರನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಎದೆ ತೆರೆದು ಮಲಗಿದ ಆಂಡ್ರಾಯ್ಡ್‌ನ ಹಸಿರು ಗೊಂಬೆ ಸ್ಕ್ರೀನಿನ ಮೇಲೆ ಬರುತ್ತೆ. ಕೇಬಲ್ ಚುಚ್ಚಿ, ಕಂಪ್ಯೂಟರಿನಿಂದ ಫಾಸ್ಟ್‌ಬೂಟ್ ಕಮಾಂಡ್ ಕೊಟ್ಟೆ. ಬೀಗ ತೆಗೆದ ಕೂಡಲೇ ಫೋನಿನಲ್ಲಿರೋದೆಲ್ಲ ಅಳಿಸಿಹೋಗುತ್ತೆ. ಅದು ಭದ್ರತೆಗೆ ಮಾಡಿರೋ ಏರ್ಪಾಡು. ಕದ್ದವನು ಬೀಗ ತೆಗೆದು ನಿಮ್ಮ ಡೇಟಾ ನೋಡಬಾರದು, ಅಲ್ವಾ? ಫೋಟೋಗಳನ್ನು ಮೊದಲೇ ಲ್ಯಾಪ್‌ಟಾಪಿಗೆ ಎಳೆದಿಟ್ಟಿದ್ದೆ. ಎಸ್‌ಎಂಎಸ್‌ಗಳು ಬೇರೆ ಜಾಗದಲ್ಲಿ ಇರುತ್ತವೆ, ಅವನ್ನು ಬೇರೆಯಾಗಿ ಉಳಿಸಿಕೊಳ್ಳಬೇಕು ಅನ್ನೋದು ಹೊಳೆಯಲೇ ಇಲ್ಲ. ಮೂರು ತಿಂಗಳ ಮಾತುಕತೆ ಹೋಯಿತು. ಇವತ್ತಿಗೂ ಬೇಜಾರಿದೆ. ಮತ್ತೆ ಆನ್ ಆದಾಗ ಗೂಗಲ್ ಅಂತ ಬರೆದದ್ದರ ಕೆಳಗೆ ತೆರೆದ ಬೀಗದ ಒಂದು ಪುಟ್ಟ ಚಿತ್ರ. ಮತ್ತೆ ಬೀಗ ಹಾಕುವವರೆಗೂ ಅದು ಹಾಗೇ ಕಾಣ್ತಾ ಇರುತ್ತೆ.

ಲೀಕ್ ಬಿಲ್ಡ್ ಹೇಗಿತ್ತು? ನಿಜ ಹೇಳ್ತೀನಿ, ಮೊದಲ ವಾರ ತುಂಬಾ ಖುಷಿ ಆಯಿತು. ಫೋನ್ ಅಡ್ಡ ಮಾಡಿದರೆ ಸ್ಕ್ರೀನ್ ತಕ್ಷಣ ತಿರುಗುತ್ತಿತ್ತು. ಕ್ಯಾಮರಾ ಬೇಗ ತೆರೆಯುತ್ತಿತ್ತು. ಆಮೇಲೆ ಗೂಗಲ್ 4.0.4ರ ಬಗ್ಗೆ ಹೇಳಿಕೊಂಡದ್ದೂ ಇವನ್ನೇ. ತೊಂದರೆ ಕಂಡದ್ದು ರೈಲಿನಲ್ಲಿ. ಹಡ್ಸನ್ ನದಿಯ ಕೆಳಗಿನ ಸುರಂಗದಲ್ಲಿ ಎಲ್ಲರ ಸಿಗ್ನಲ್ಲೂ ಹೋಗುತ್ತಿತ್ತು. ಹೊರಗೆ ಬಂದ ಮೇಲೆ ಪಕ್ಕದವರ ಫೋನುಗಳು ಟಿಣ್ ಟಿಣ್ ಅಂತ ಎಚ್ಚರವಾಗುತ್ತಿದ್ದವು. ನನ್ನದು 3ಜಿಗೂ ಹೋಗದೆ 4ಜಿಗೂ ಬರದೆ ನಿಂತುಬಿಡುತ್ತಿತ್ತು. ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ ಸರಿ. ಪರೀಕ್ಷೆ ಮುಗಿಯದ ರೇಡಿಯೊ ಸಾಫ್ಟ್‌ವೇರ್ ಹಾಕಿಕೊಂಡದ್ದರ ಫಲ ಅದು ಅಂತ ನನ್ನ ಲೆಕ್ಕ. ಅದನ್ನು ಯಾರೂ ನನಗೆ ಕೊಟ್ಟಿರಲಿಲ್ಲ, ನಾನಾಗಿ ಹಾಕಿಕೊಂಡದ್ದು. ಹಾಗಾಗಿ ದೂರು ಹೇಳೋಕೆ ಜಾಗವೂ ಇಲ್ಲ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಜೂನಿನಲ್ಲಿ ಅಫಿಶಿಯಲ್ 4.0.4 ಹಂಚೋಕೆ ಶುರುವಾಯಿತು. ಆಫೀಸಿನಲ್ಲಿ ಇದೇ ಫೋನ್ ಇದ್ದ ಇಬ್ಬರಿಗೆ ಬಂತು. ನನಗೆ ಬರಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ದಿನಕ್ಕೆ ಹತ್ತು ಸಲ ನೋಡಿದರೂ ನಿಮ್ಮ ಫೋನ್ ಅಪ್ ಟು ಡೇಟ್ ಇದೆ ಅಂತಲೇ ಉತ್ತರ. ಕೊನೆಗೆ ಅಪ್‌ಡೇಟ್ ಫೈಲನ್ನೇ ಇಳಿಸಿಕೊಂಡು ಹಾಕೋಕೆ ಹೋದೆ. ಕಪ್ಪು ಸ್ಕ್ರೀನಿನ ಮೇಲೆ "ಅಸರ್ಟ್ ಫೇಲ್ಡ್", ಕೊನೆಗೆ "ಸ್ಟೇಟಸ್ 7".

ಲೀಕ್ ಹಾಕೋ ಯಾರೇ ಆಗಲಿ, ಈ ಸ್ಟೇಟಸ್ 7 ಯಾಕೆ ಬರುತ್ತೆ ಅಂತ ಮೊದಲೇ ತಿಳ್ಕೋಬೇಕು. ಇಂಟರ್ನೆಟ್ ಮೂಲಕ ನೇರವಾಗಿ ಫೋನಿಗೆ ಬರೋ ಇಂಥ ಅಪ್‌ಡೇಟ್ ಸಾಮಾನ್ಯವಾಗಿ ಪೂರ್ತಿ ಸಾಫ್ಟ್‌ವೇರ್ ಅಲ್ಲ. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಮಾತ್ರ. ದರ್ಜಿ ನಿಮ್ಮ ಹಳೇ ಅಂಗಿಯ ಅಳತೆ ಹಿಡಿದು ಬರೀ ತೋಳು ಹೊಲಿದು ಕಳಿಸಿದ ಹಾಗೆ. ನೀವು ಅಷ್ಟರಲ್ಲಿ ಬೇರೆ ಅಂಗಿ ಹಾಕ್ಕೊಂಡಿದ್ದರೆ ಆ ತೋಳು ಕೂರಲ್ಲ. ಈ ಅಪ್‌ಡೇಟ್ ನನ್ನ ಫೋನಿನಲ್ಲಿ 4.0.2 ಇದೆ ಅಂದುಕೊಂಡು ಒಂದೊಂದೇ ಫೈಲ್ ತಾಳೆ ನೋಡುತ್ತೆ. ಒಂದು ಹೊಂದದಿದ್ದರೂ ಅಲ್ಲೇ ನಿಲ್ಲಿಸುತ್ತೆ. ನಿಲ್ಲಿಸೋದೇ ಸರಿ, ಇಲ್ಲದಿದ್ದರೆ ಫೋನೇ ಆನ್ ಆಗದ ಹಾಗೆ ಆದೀತು. ನನ್ನಲ್ಲಿದ್ದದ್ದು ಕಂಪನಿಯ ಲೆಕ್ಕದಲ್ಲೇ ಇಲ್ಲದ ಬಿಲ್ಡ್. ಅಲ್ಲಿಂದ ಮುಂದಕ್ಕೆ ದಾರಿ ಯಾರೂ ಹಾಕಿರಲಿಲ್ಲ.

ವಾಪಸ್ ಬರೋಕೆ ದಾರಿ ಇತ್ತು, ಯಾಕೆಂದರೆ ಇದು ನೆಕ್ಸಸ್. ಮೂಲ 4.0.2ರ ಪೂರ್ತಿ ಫ್ಯಾಕ್ಟರಿ ಇಮೇಜನ್ನು (ಫೋನಿನ ಇಡೀ ಸಾಫ್ಟ್‌ವೇರಿನ ಪ್ರತಿಯನ್ನು) ಗೂಗಲ್ ಎಲ್ಲರಿಗೂ ಇಟ್ಟಿತ್ತು. ಮತ್ತೆ ಎಲ್ಲ ಅಳಿಸಿ, ಎರಡೂ ರೇಡಿಯೊ ಸೇರಿಸಿ ಮೊದಲಿನದನ್ನು ಹಾಕಿದೆ. ಬೂಟ್‌ಲೋಡರ್ ಬೀಗ ಹಾಕಿದೆ. ತೆರೆದ ಬೀಗದ ಚಿತ್ರ ಹೋಯಿತು. ಆಮೇಲೆ 4.0.4 ತಾನಾಗೇ ಬಂತು. ಸುರಂಗದಿಂದ ಹೊರಗೆ ಬಂದರೆ ನನ್ನ ಫೋನೂ ಟಿಣ್ ಅಂದಿತು. ಬೇರೆ ಹಲವು ಫೋನುಗಳಿಗೆ ಹೀಗೆ ಕಂಪನಿಯೇ ಕೊಟ್ಟ ಪೂರ್ತಿ ಇಮೇಜ್ ಸಿಗುತ್ತಿರಲಿಲ್ಲ. ಅಂಥ ಫೋನಿಗೆ ಲೀಕ್ ಹಾಕಿದರೆ ವಾಪಸ್ ಬರೋಕೂ ಇನ್ನೊಬ್ಬರು ಲೀಕ್ ಮಾಡಿದ ಫೈಲಿಗೇ ಕಾಯಬೇಕು.

ಅಫಿಶಿಯಲ್ ಅಂದ ಮಾತ್ರಕ್ಕೆ ತಪ್ಪೇ ಇರಲ್ಲ ಅಂತಲ್ಲ. 2011ರಲ್ಲಿ ಎಚ್‌ಟಿಸಿ ಥಂಡರ್‌ಬೋಲ್ಟ್ ಫೋನಿಗೆ ಜಿಂಜರ್‌ಬ್ರೆಡ್ ಅನ್ನೋ ಆಂಡ್ರಾಯ್ಡ್ ಆವೃತ್ತಿ ಹಂಚೋಕೆ ಶುರು ಮಾಡಿ, ವಾಯ್ಸ್‌ಮೇಲ್ ತೊಂದರೆ ಕಂಡು ಮಧ್ಯದಲ್ಲೇ ನಿಲ್ಲಿಸಿದ್ದರು. ಆದರೆ ನಿಲ್ಲಿಸಿ, ಸರಿಮಾಡಿ, ಮತ್ತೆ ಕೊಡೋಕೆ ಅಲ್ಲಿ ಒಬ್ಬರು ಇದ್ದರು.

ಈಗ ಕನ್ನಡಕ್ಕೆ ಬರ್ತೀನಿ. 2012ರ ಜೂನ್ 27ಕ್ಕೆ ಗೂಗಲ್ ಆಂಡ್ರಾಯ್ಡ್ 4.1 ಜೆಲ್ಲಿ ಬೀನ್ ಪ್ರಕಟಿಸಿತು. ಎಲ್ಲರೂ ಅದರ ವೇಗದ ಬಗ್ಗೆ ಮಾತಾಡುತ್ತಿದ್ದರು. ನಾನು ಡೆವಲಪರುಗಳಿಗೆ ಬರೆದ ಟಿಪ್ಪಣಿಯ ಕೆಳಗೆಲ್ಲೋ ಇದ್ದ ಒಂದು ಸಾಲು ನೋಡಿ ಕುರ್ಚಿಯಿಂದ ಎದ್ದು ನಿಂತೆ. ಹೊಸದಾಗಿ ಸೇರಿದ ಭಾರತೀಯ ಭಾಷೆಗಳು: ಕನ್ನಡ, ತೆಲುಗು, ಮಲಯಾಳಂ. ಅಷ್ಟು ದಿನ ನಾವು ಒಪೆರಾ ಮಿನಿ ಬ್ರೌಸರಿನಲ್ಲಿ ಕಾನ್ಫಿಗ್ ಅನ್ನೋ ಸೆಟ್ಟಿಂಗ್ಸ್ ಪುಟ ತೆಗೆದು, ಅಕ್ಷರವನ್ನು ಚಿತ್ರ ಮಾಡಿ ತೋರಿಸು ಅನ್ನೋ ಆಯ್ಕೆ ಒತ್ತಿ ಕನ್ನಡ ಪೇಪರ್ ಓದುತ್ತಿದ್ದೆವು. ಅಕ್ಷರ ಮಸುಕು, ದೊಡ್ಡದು ಮಾಡಿದರೆ ಇನ್ನೂ ಮಸುಕು. ಈಮೇಲಿಗೆ ಅದೂ ಇಲ್ಲ.

ಜುಲೈನಲ್ಲೇ ಜಿಎಸ್‌ಎಂ ನೆಕ್ಸಸ್‌ಗಳಿಗೆ 4.1 ಬಂತು. ನಮ್ಮ ಕಟ್ಟಡದಲ್ಲೇ ಇರುವ ಹಾಸನದ ಗೆಳೆಯರೊಬ್ಬರು ಗೂಗಲ್‌ನಿಂದ ನೇರವಾಗಿ, ಕರಾರಿಲ್ಲದೆ, 399 ಡಾಲರ್ ಕೊಟ್ಟು ಆ ಫೋನ್ ತಗೊಂಡಿದ್ದರು. ಅವರ ಫೋನಿಗೆ ಅಪ್ಪನ ಒಂದು ಈಮೇಲ್ ಕಳಿಸಿ ನೋಡಿದೆ. ಒತ್ತಕ್ಷರ, ದೀರ್ಘ ಎಲ್ಲ ಕಾಣ್ತಾ ಇತ್ತು. ನನ್ನ ಫೋನನ್ನು ಪಕ್ಕದಲ್ಲಿಟ್ಟೆ. ಅದೇ ಪತ್ರ, ಅದೇ ಹೆಸರಿನ ಫೋನ್, ಇಲ್ಲಿ ಡಬ್ಬಿ. ಆ ಬೇಸಿಗೆಯಲ್ಲಿ ವೆರೈಝನ್ ಮಾಡೆಲ್‌ಗೂ 4.1ರ ಲೀಕ್ ಫೈಲುಗಳು ಓಡಾಡಿದವು. ಇಳಿಸಿಕೊಂಡೂ ಇಟ್ಟಿದ್ದೆ. ಎರಡು ರಾತ್ರಿ ಕೇಬಲ್ ಹಾಕಿ ಕೂತು, ಹಾಕದೆ ಎದ್ದೆ. ಸುಮ್ನೆ ಕಾಯೋದು ನನಗೆ ಸುಲಭ ಆಗಿರಲಿಲ್ಲ. ಒಬ್ಬರ ಫೋನಿನಲ್ಲಿ ತಾಯ್ನುಡಿ ಕಾಣಬೇಕು ಅಂದರೆ ಎರಡು ತಿಂಗಳು ಜಾಸ್ತಿ ಕಾಯಬೇಕು ಅನ್ನೋದು ಸಣ್ಣ ಮಾತಲ್ಲ. ಇದನ್ನು ತೀರಾ ಮನಸ್ಸಿನಿಂದ ಹೇಳ್ತಿದ್ದೇನೆ.

ಸೆಪ್ಟೆಂಬರ್ ಕೊನೆಯಲ್ಲಿ ಅಫಿಶಿಯಲ್ ಆಗಿ ಬಂತು. ರಾತ್ರಿ ಚಾರ್ಜಿಗೆ ಹಾಕಿ ಒತ್ತಿದೆ, ಒಂದು ಎಸ್‌ಎಂಎಸ್ ಕೂಡ ಹೋಗಲಿಲ್ಲ. ಕೀಬೋರ್ಡ್ ಮಾತ್ರ ಕನ್ನಡದ್ದು ಇರಲಿಲ್ಲ, ಬೇರೆ ಹಾಕಿಕೊಳ್ಳಬೇಕಿತ್ತು. ಬೆಳಿಗ್ಗೆ ರೈಲಿನಲ್ಲಿ ಅಪ್ಪನ ಹಳೇ ಪತ್ರಗಳನ್ನೆಲ್ಲ ಒಂದೊಂದಾಗಿ ತೆಗೆದೆ. ಮಳೆ ಇಲ್ಲ, ಬೋರ್‌ವೆಲ್ ನೀರು ಕೆಳಗೆ ಹೋಗಿದೆ, ಮೋಟರ್ ಸುಟ್ಟಿತ್ತು, ರಿಪೇರಿ ಆಯಿತು.

ಅಕ್ಕನ ಮಗನಿಗೆ ಹೇಳೋದು ಇಷ್ಟು. ಹಾಕೋ ಮುಂಚೆ ಮೂರು ಪ್ರಶ್ನೆ ಕೇಳ್ಕೊ. ಫೈಲಿಗೆ ಕಂಪನಿಯ ಡಿಜಿಟಲ್ ಸಹಿ ಇದೆಯಾ? ಸಹಿ ಇಲ್ಲದ್ದರಲ್ಲಿ ಮಧ್ಯದಲ್ಲಿ ಯಾರು ಏನು ಸೇರಿಸಿದ್ದಾರೋ ಗೊತ್ತಾಗಲ್ಲ, ಬ್ಯಾಂಕಿನ ಆ್ಯಪ್ ಇರೋ ಫೋನಿಗೆ ಅದನ್ನು ಹಾಕಲೇಬೇಡ. ನಿನ್ನ ಫೋನಿನದೇ ಪೂರ್ತಿ ಮೂಲ ಇಮೇಜ್ ಕಂಪನಿಯಿಂದ ಸಿಗುತ್ತಾ? ನಿನ್ನ ಹತ್ತಿರ ಇನ್ನೊಂದು ಫೋನ್ ಇದೆಯಾ? ಮೂರಕ್ಕೂ ಹೌದು ಅಂದರೆ ಹಾಕಿ ನೋಡು, ಕಲಿಯೋಕೆ ಬಹಳ ಸಿಗುತ್ತೆ. ಇಲ್ಲಾಂದ್ರೆ ಕಾಯಿ.

ಅಂಕ ಕೊಡೋದಾದರೆ, ಲೀಕ್ 4.0.4ಕ್ಕೆ ಐದರಲ್ಲಿ ಎರಡು. ಅಫಿಶಿಯಲ್ 4.1ಕ್ಕೆ ನಾಲ್ಕು. ಒಂದು ಕಳೆದದ್ದು ಜುಲೈನಿಂದ ಸೆಪ್ಟೆಂಬರ್‌ವರೆಗಿನ ಆ ಡಬ್ಬಿಗಳಿಗೆ.