ಬೇಸಿಗೆಯಲ್ಲಿ ನೋಡಿದ ಬಿಳಿ ಗೋಡೆಯನ್ನು ನಂಬಬೇಡಿ

ನಾವು ಬಿಟ್ಟುಬಂದ ಬಾಡಿಗೆಮನೆಗೆ ಮತ್ತೆ ಪೇಂಟ್ ಬಳಿಯುತ್ತಿದ್ದಾರೆ. ನಿನ್ನೆ ಬಸ್ಸಿನಲ್ಲಿ ಹೋಗುವಾಗ ಕಣ್ಣಾರೆ ಕಂಡೆ. ಅದಕ್ಕೇ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಕಾಸರಗೋಡಿನಲ್ಲಿ ಬಾಡಿಗೆಮನೆ ಹುಡುಕುತ್ತಿರುವವರು ದಯವಿಟ್ಟು ಓದಿ.

ನಾವು ಮನೆ ನೋಡಿದ್ದು ವಿಷು ಹಬ್ಬ ಮುಗಿದ ಮರುವಾರ. ಹೊರಗೆ ಸುಡುಬಿಸಿಲು, ಒಳಗೆ ಹಾಲಿನಂಥ ಬಿಳಿ ಗೋಡೆ. ಮಲಗುವ ಕೋಣೆಯ ತುಂಬ ನುಸಿಗುಳಿಗೆಯ ವಾಸನೆ. ಒಂದು ಬಟ್ಟೆಯೂ ಇಲ್ಲದ ಕಪಾಟಿಗೆ ಇಷ್ಟೊಂದು ನುಸಿಗುಳಿಗೆ ಏಕೆ ಎಂದು ಆಗ ಹೊಳೆಯಲಿಲ್ಲ. ಬಾಡಿಗೆ 9,000, ಅಡ್ವಾನ್ಸ್ 50,000, ಹನ್ನೊಂದು ತಿಂಗಳ ಕರಾರು. ಕರಾರುಪತ್ರ ಮಲಯಾಳದಲ್ಲಿತ್ತು. ನಾನು ಕನ್ನಡ ಮಾಧ್ಯಮದಲ್ಲಿ ಕಲಿತವನು. ಮಲಯಾಳ ಮಾತನಾಡಬಲ್ಲೆ, ಓದಲು ತಡವರಿಸುತ್ತೇನೆ. "ಎಲ್ಲ ಕಡೆ ಇರುವಂಥದ್ದೇ" ಎಂದು ಬ್ರೋಕರ್ ಬೆರಳಿಟ್ಟಲ್ಲೆಲ್ಲ ಸಹಿ ಹಾಕಿದೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ಹದಿನೈದು ದಿನ ಕಳೆಯಲಿಲ್ಲ, ಕೋಣೆಯ ಹಿಂಗೋಡೆಯಲ್ಲಿ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳು. ಒರೆಸಿದೆ. ಎರಡು ದಿನಕ್ಕೆ ಮತ್ತೆ ಬಂದವು. ಮತ್ತೆ ಒರೆಸಿದೆ. ಮಗಳಿಗೆ ರಾತ್ರಿಯಿಡೀ ಕೆಮ್ಮು. ಅಮ್ಮನ ಧಾರೆ ಸೀರೆಯನ್ನು ಬಿಡಿಸಿದರೆ ಮಡಿಕೆ ಮಡಿಕೆಯಲ್ಲೂ ಬೂದುಹಸಿರು ಬೂಷ್ಟು. ಅಮ್ಮ ಒಂದು ಮಾತೂ ಆಡಲಿಲ್ಲ. ಸೆರಗನ್ನು ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಾ ಕುಳಿತರು.

ಮನೆಯ ಯಜಮಾನರಿಗೆ ಫೋನ್ ಮಾಡಿದೆ. "ಮಳೆಗಾಲದಲ್ಲಿ ಯಾರ ಮನೆಯಲ್ಲಿ ಬೂಷ್ಟು ಇಲ್ಲ ಹೇಳಿ" ಎಂದರು. ಎರಡನೆಯ ಸಲ, "ನೀವು ಕಿಟಕಿ ತೆರೆಯುವುದಿಲ್ಲ, ಒಳಗೆ ಬಟ್ಟೆ ಒಣಹಾಕುತ್ತೀರಿ." ಈ ಊರಿನ ಆಟಿ ತಿಂಗಳ ಜಡಿಮಳೆಯಲ್ಲಿ ಬಟ್ಟೆಯನ್ನು ಇನ್ನೆಲ್ಲಿ ಒಣಹಾಕಬೇಕು? ಮೂರನೆಯ ಸಲ, "ನೀವು ಬರುವ ಮೊದಲು ಗೋಡೆ ಹೀಗಿರಲಿಲ್ಲ." ನಾನು ಇದನ್ನು ನಂಬಿದೆ! ನಮ್ಮದೇ ತಪ್ಪು ಎಂದುಕೊಂಡು ಹೆಂಡತಿಯ ಮೇಲೆ ರೇಗಿದೆ. ಇಂದಿಗೂ ಆ ಮಾತು ನನ್ನನ್ನು ಚುಚ್ಚುತ್ತದೆ.

ಒಂದು ಭಾನುವಾರ ಕಪಾಟನ್ನು ಸರಿಸಿದೆ. ಹಿಂದೆ ಪೇಂಟ್ ಹಪ್ಪಳದಂತೆ ಉಬ್ಬಿತ್ತು. ಉಗುರು ತಾಗಿದ್ದೇ ತಡ, ಅಂಗೈಯಗಲದ ಹಾಳೆ ಕಳಚಿ ಕೈಗೆ ಬಂತು. ಅಡಿಯಲ್ಲಿ ಹಳೆಯ ಹಸಿರು ಪೇಂಟ್, ಅದರ ಮೇಲೆಲ್ಲ ಕರಿಗಟ್ಟಿದ ಹಳೆಯ ಬೂಷ್ಟು. ನಾವು ಬರುವ ಮೊದಲೇ ಇತ್ತು. ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಮೇಲಿನಿಂದ ಬಿಳಿ ಬಳಿದಿದ್ದರು.

ಕೊಡೆ ಹಿಡಿದು ಹಿತ್ತಲಿಗೆ ಹೋದೆ. ಗುಡ್ಡ ಕಡಿದು ಕಟ್ಟಿದ ಮನೆ. ದರೆಗೂ ಗೋಡೆಗೂ ನಡುವೆ ಎರಡಡಿ ಸಂದು, ಅದರಲ್ಲಿ ಪಾದ ಮುಳುಗುವಷ್ಟು ನೀರು, ಹರಿದುಹೋಗಲು ಚರಂಡಿಯಿಲ್ಲ. ಆ ಬದಿಯ ಕೆಂಪುಕಲ್ಲಿಗೆ ಸಿಮೆಂಟಿನ ಸಾರಣೆಯೂ ಇಲ್ಲ. ಕೆಂಪುಕಲ್ಲು ನೀರು ಹೀರುತ್ತದೆ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಒಳಗಿನಿಂದ ಬ್ಲೀಚಿಂಗ್ ಪೌಡರ್ ಹಾಕಿ ಎಷ್ಟು ತಿಕ್ಕಿದರೇನು, ಗೋಡೆ ಹೊರಗಿನಿಂದ ನೀರು ಕುಡಿಯುತ್ತಿದೆ.

ಆಗಸ್ಟ್‌ನಲ್ಲಿ ಖಾಲಿ ಮಾಡಿದೆವು. ಮಧ್ಯದಲ್ಲಿ ಬಿಟ್ಟದ್ದಕ್ಕೆ ಒಂದು ತಿಂಗಳ ಬಾಡಿಗೆ, "ಗೋಡೆ ಹಾಳು ಮಾಡಿದ್ದಕ್ಕೆ" 14,000 ಮುರಿದುಕೊಂಡು 27,000 ಕೈಗಿಟ್ಟರು. ನಾವು ಗೋಡೆ ಹಾಳು ಮಾಡಿದೆವಂತೆ! ವಕೀಲರೊಬ್ಬರಲ್ಲಿಗೆ ಹೋದೆ. ಮೇಲ್ನೋಟಕ್ಕೆ ಕಾಣದ, ತನಗೆ ಗೊತ್ತಿರುವ ದೊಡ್ಡ ದೋಷವನ್ನು ಮಾಲೀಕ ಮೊದಲೇ ತಿಳಿಸಬೇಕು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ವಿಭಾಗದಲ್ಲಿದೆಯಂತೆ, ಕರಾರಿನಲ್ಲಿ ಬೇರೆ ರೀತಿ ಒಪ್ಪಿರದಿದ್ದರೆ. ಕರಾರುಪತ್ರವನ್ನು ಅವರೇ ಓದಿ ಹೇಳಿದರು: "ಗೋಡೆಗಳೆಲ್ಲ ಸುಸ್ಥಿತಿಯಲ್ಲಿವೆ ಎಂದು ಪರೀಕ್ಷಿಸಿ ಒಪ್ಪಿದ್ದೇನೆ." ಅದರ ಕೆಳಗೆ ನನ್ನದೇ ಸಹಿ.

ಮನೆಯ ಹಿಂಬದಿಗೆ ಹೋಗಿ ನೋಡದೆ ಅಡ್ವಾನ್ಸ್ ಕೊಡಬೇಡಿ. ಕಪಾಟು ಸರಿಸಿ ನೋಡಿ, ಅವರು ಮುಖ ಸಿಂಡರಿಸಿದರೂ ಸರಿ. ಕರಾರನ್ನು ಓದಬಲ್ಲವರಿಂದ ಓದಿಸಿ, ಬ್ರೋಕರ್‌ನಿಂದಲ್ಲ. ನುಸಿಗುಳಿಗೆಯ ವಾಸನೆ ಬಂದರೆ ನನ್ನನ್ನು ನೆನೆಯಿರಿ. 23,000ಕ್ಕಾಗಿ ಅಂಚೆಯಲ್ಲಿ ನೋಟಿಸ್ ಕಳಿಸಿದ್ದೇನೆ, ಜೊತೆಗೆ ಆ ಗೋಡೆಯ ಫೋಟೋಗಳು. ಉತ್ತರ ಬಂದಿಲ್ಲ. ಪೇಂಟ್ ಮಾತ್ರ ಎರಡನೆಯ ಕೈ ಆಗುತ್ತಿದೆ.